ಎರಡು ಕಡೆಯಿಂದ ಎಣಿಸಿದವರು

ಆಂಟಿ ಹೋದ ಸುದ್ದಿ ಬಂದಾಗ ನಾನು ಕಾರನ್ನು ಆಯಿಲ್ ಚೇಂಜ್‌ಗೆ ಕೊಟ್ಟು ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ನಮ್ಮ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ರೆಡೊಂಡೊ ಬೀಚಿನ ಆಂಟಿ ಬೆಳಿಗ್ಗೆ ತೀರಿಕೊಂಡರು, ಹೃದಯಾಘಾತ, ಉಳಿದ ವಿವರ ಆಮೇಲೆ. ಅದರ ಕೆಳಗೆ ಆಗಲೇ ಸಾಲುಸಾಲಾಗಿ ‘ಓಂ ಶಾಂತಿ’ ಬಂದಿದ್ದವು. ನಾನೂ ಬರೆದೆ. ಕೈಮುಗಿಯುವ ಚಿತ್ರ ಮೂರು ಹಾಕಿದೆ. ಕಳಿಸುವ ಮೊದಲು ಒಂದು ಹೆಚ್ಚಾಯಿತೇನೋ ಅನಿಸಿ ಅಳಿಸಿ ಎರಡು ಮಾಡಿದೆ. ಅಷ್ಟರಲ್ಲಿ ಮೆಕ್ಯಾನಿಕ್ ಬಂದು ಏರ್ ಫಿಲ್ಟರನ್ನೂ ಬದಲಾಯಿಸಲೇ ಎಂದು ಕೇಳಿದ. ಬದಲಾಯಿಸು ಎಂದೆ.

ಏನೂ ಅನಿಸಲಿಲ್ಲ. ಏನೂ ಅನಿಸದಿರುವುದು ನನಗೆ ಹೊಸದಲ್ಲ, ಬಹಳ ವರ್ಷ ಕಷ್ಟಪಟ್ಟು ಕಲಿತ ವಿದ್ಯೆ ಅದು. ಯಾರಾದರೂ ‘ಮದುವೆ ಯಾವಾಗಪ್ಪಾ?’ ಎಂದು ಕೇಳಿದಾಗ ಮುಖದಲ್ಲಿ ಏನೂ ಕಾಣದಂತೆ ನಗುವುದನ್ನು ಅಭ್ಯಾಸ ಮಾಡಿದವನಿಗೆ, ಸಾವಿನ ಸುದ್ದಿ ಬಂದಾಗ ಅದೇ ಮುಖ ತಾನಾಗಿ ಬಂದುಬಿಡುತ್ತದೆ. ಆಂಟಿಗೆ ನಾನು ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಹೇಳಲಿಲ್ಲ. ಹೇಳದೆ ಇದ್ದದ್ದು ಸಾಲದು ಎಂದು ಅವರ ಬೆನ್ನ ಹಿಂದೆ ಒಂದು ಸುಳ್ಳನ್ನೂ ಹೇಳಿದ್ದೆ. ಅದು ಆಮೇಲೆ ಬರುತ್ತದೆ.

ಆಂಟಿ ನಮ್ಮವರ ಮದುವೆ ಕುದುರಿಸುತ್ತಿದ್ದರು. ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೋವರೆಗೆ ಇದ್ದ ಮದುವೆಯಾಗದ ಕನ್ನಡದ ಹುಡುಗ ಹುಡುಗಿಯರ ಬಯೋಡೇಟಾ, ಜಾತಕ ಎಲ್ಲ ಅವರ ಹತ್ತಿರ ಒಂದು ದಪ್ಪ ನೀಲಿ ಫೈಲಿನಲ್ಲಿ ಇರುತ್ತಿತ್ತು. ಅದರಲ್ಲಿ ಮೂರು ವಿಭಾಗ: ಗಂಡು, ಹೆಣ್ಣು, ಆಗಿದೆ. ಸಂಬಂಧ ಕುದುರಿದ ದಿನ ಇಬ್ಬರ ಹಾಳೆಗಳನ್ನೂ ಮೊದಲ ಎರಡು ವಿಭಾಗದಿಂದ ತೆಗೆದು, ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ಒಟ್ಟಿಗೆ ಮೂರನೆಯ ವಿಭಾಗಕ್ಕೆ ಸೇರಿಸುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಕೂರಿಸಿದರೆ ಸಾಕು, ಚಿರೋಟಿ ಎರಡು ಹಾಕಿದರೆ ಇನ್ನೂ ಸಂತೋಷ.

ಸೀರೆಯ ಕೆಳಗೆ ಬಿಳಿ ವಾಕಿಂಗ್ ಶೂ, ತುರುಬಿನಲ್ಲಿ ಒಂದು ಬಾಲ್ ಪೆನ್ನು. ಹಾಗೆಯೇ ಲಾಸ್ ಏಂಜಲೀಸ್ ಹತ್ತಿರದ ರೆಡೊಂಡೊ ಬೀಚಿನಲ್ಲಿ, ಸಮುದ್ರದ ಪಕ್ಕದ ದಾರಿಯಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿದ್ದರು. ಹೊಸಬರು ಸಿಕ್ಕರೆ ಮೂರು ಪ್ರಶ್ನೆ ಖಾಯಂ: ಯಾವೂರು, ಯಾವ ನಕ್ಷತ್ರ, ಪಾರ್ಕಿಂಗ್ ಸಿಕ್ತಾ. ಸ್ವಂತ ಗಾದೆಗಳೂ ಇದ್ದವು. ಹುಡುಗಿಯ ಕಡೆಯವರು ‘ನೋಡಿ ಹೇಳ್ತೀವಿ’ ಅಂದರೆ, “ನೋಡಿ ಹೇಳ್ತೀವಿ ಅನ್ನೋದು ‘ಇಲ್ಲ’ ಅನ್ನೋದರ ಚಿಕ್ಕಪ್ಪನ ಮಗ ಕಣೋ” ಎನ್ನುತ್ತಿದ್ದರು. ಅವರು ಚನ್ನರಾಯಪಟ್ಟಣದವರು, ಅಂಕಲ್ ವಿಮಾನದ ಬಿಡಿಭಾಗ ಮಾಡುವ ಕಡೆ ಇಂಜಿನಿಯರ್ ಆಗಿ ನಿವೃತ್ತರಾಗಿದ್ದರು. ಮನೆಯಲ್ಲಿ ಅಂಕಲ್ ಮಾತನಾಡಿದ್ದನ್ನು ಕೇಳಿದವರು ಕಡಿಮೆ.

ನಾನು ಸ್ಯಾನ್ ಡಿಯಾಗೋಗೆ ಬಂದದ್ದು 2008ರಲ್ಲಿ, ಮೊಬೈಲ್ ಚಿಪ್ ಪರೀಕ್ಷೆ ಮಾಡುವ ಕೆಲಸಕ್ಕೆ. ಎರಡು ವರ್ಷ ಆದಮೇಲೆ ತುಮಕೂರಿನಿಂದ ಅಮ್ಮ, ಯಾರ ಮೂಲಕವೋ ವಿಳಾಸ ಹಿಡಿದು, ನನ್ನ ಬಯೋಡೇಟಾ ಮತ್ತು ಜಾತಕವನ್ನು ನನ್ನನ್ನು ಕೇಳದೆ ಆಂಟಿಗೆ ಕಳಿಸಿಬಿಟ್ಟಳು. ಆಂಟಿ ಫೋನ್ ಮಾಡಿದರು. “ಹಸ್ತ ನಕ್ಷತ್ರ, ಐದಡಿ ಒಂಬತ್ತಂಗುಲ, ಮೊಟ್ಟೇನೂ ತಿನ್ನಲ್ಲ ಅಂತ ಬರ್ದಿದಾರೆ ನಿಮ್ಮಮ್ಮ. ನಿಜವೇನೋ?” ಮೊಟ್ಟೆ ತಿನ್ನುತ್ತೇನೆ ಆಂಟಿ ಎಂದೆ. “ಹಂಗಾದ್ರೆ ಇನ್ನೇನೇನು ಸುಳ್ಳಿದೆ ಇದ್ರಲ್ಲಿ?” ಎಂದು ನಕ್ಕರು. ನಾನೂ ನಕ್ಕೆ. ಇದ್ದ ದೊಡ್ಡ ಸುಳ್ಳು ಅದರಲ್ಲಿ ಬರೆದೇ ಇರಲಿಲ್ಲ.

ಹಾಗೆ ಶುರುವಾಯಿತು. ಅವರ ಮನೆಯ ಕಂಪ್ಯೂಟರ್ ಕೆಟ್ಟರೆ ನಾನು ಎರಡು ಗಂಟೆ ಡ್ರೈವ್ ಮಾಡಿ ಹೋಗುವುದು, ಅವರು ಬಿಸಿಬೇಳೆ ಬಾತ್ ಡಬ್ಬಿಗೆ ತುಂಬಿ ಕಳಿಸುವುದು. ಆಗಾಗ ಒಂದೊಂದು ಫೋಟೋ ತೋರಿಸುವರು. ನಾನು ‘ನೋಡಿ ಹೇಳ್ತೀನಿ ಆಂಟಿ’ ಎನ್ನುವೆ. ಅವರದೇ ಗಾದೆ, ಅವರು ಅರ್ಥ ಮಾಡಿಕೊಳ್ಳಬೇಕಾಗಿತ್ತು.

ಒಂದು ಮದುವೆ ಅವರನ್ನು ಬದಲಿಸಿತು. ಅವರು ಕುದುರಿಸಿದ್ದ ಸಂಬಂಧ, ಹುಡುಗ ಇಲ್ಲೇ ಹತ್ತಿರದವನು, ಹುಡುಗಿ ಹಾಸನದಿಂದ ಬಂದಳು. ಎಂಟು ತಿಂಗಳಿಗೆ ಆ ಹುಡುಗಿ ಒಂದು ಸೂಟ್‌ಕೇಸ್ ಹಿಡಿದು ಆಂಟಿಯ ಮನೆ ಬಾಗಿಲಲ್ಲಿ ನಿಂತಿದ್ದಳು. ಗಂಡನಿಗೆ ಹೆಂಗಸರಲ್ಲಿ ಮನಸ್ಸಿಲ್ಲ, ಎಂದೂ ಇರಲಿಲ್ಲ. ಎರಡು ತಿಂಗಳು ಅವಳು ಮಹಡಿಯ ಕೋಣೆಯಲ್ಲಿದ್ದಳು. ಆಂಟಿ ಇದನ್ನು ನನಗೆ ಹೇಳಿದ್ದು ಅವಳನ್ನು ಏರ್‌ಪೋರ್ಟಿಗೆ ಬಿಟ್ಟು ಬರುವಾಗ, ನನ್ನ ಕಾರಿನಲ್ಲಿ.

“ಆ ಹುಡುಗ ನಂಗೆ ಮೊದ್ಲೇ ಹೇಳಿದ್ದ ಕಣೋ. ಆಂಟಿ, ನಂಗೆ ಮದುವೆ ಬೇಡ ಅಂತ. ಒಂದ್ಸಲ ಅಲ್ಲ, ಮೂರು ಸಲ.”

“ನೀವೇನಂದ್ರಿ?”

“ಎಲ್ಲಾ ಹುಡುಗ್ರೂ ಹಂಗೇ ಅಂತಾರೆ ಅಂದೆ.” ಕಿಟಕಿಯ ಕಡೆ ತಿರುಗಿದರು. “ನಂಗೆ ಜಾತಕ ಓದಕ್ಕೆ ಬರುತ್ತೆ. ಎದುರಿಗೆ ಕೂತು ಹೇಳಿದ್ದು ಕೇಳಿಸ್ಕೊಳ್ಳಕ್ಕೆ ಬರ್ಲಿಲ್ಲ.”

ನಾನು ಲೇನ್ ಬದಲಿಸಿದೆ. ಅದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ. ಆ ಹೊತ್ತಿಗಾಗಲೇ ನಾನೂ ಮಾರ್ಕೊನೂ ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿ ಇದ್ದೆವು. ಮಾರ್ಕೊ ಅಲ್ಲಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ, ನನ್ನವನು. ಕನ್ನಡದವರೆಲ್ಲರಿಗೂ ಅವನು ನನ್ನ ರೂಮ್‌ಮೇಟ್. ‘ಆಂಟಿ, ನಾನೂ ಆ ಹುಡುಗನ ಹಾಗೆ’ ಎನ್ನಬೇಕಿತ್ತು, ಅಷ್ಟೇ. ಹೈವೇ ಬಿಡುವ ಎಕ್ಸಿಟ್ ಬಂತು, ಇಳಿದೆ.

2014ರಲ್ಲಿ ಒಂದು ದಿನ ಫೋನ್ ಬಂತು. ಲೈಬ್ರರಿಯಲ್ಲಿ ಒಂದು ಕಾಗದ ಸಿಕ್ಕಿತಂತೆ. ಒಂದು ಸಮುದಾಯ ಕೇಂದ್ರದವರು ಆನ್‌ಲೈನಿನಲ್ಲಿ ಉಚಿತ ಕ್ಲಾಸ್ ನಡೆಸುತ್ತಾರೆ, ಎಂಟು ಶನಿವಾರ, ಬೆಳಿಗ್ಗೆ ಹತ್ತಕ್ಕೆ, ಯಾರು ಬೇಕಾದರೂ ಸೇರಬಹುದು. ವಿಷಯ: ಕ್ವಿಯರ್ ಥಿಯರಿ, ಪರಿಚಯ.

“ಅದೇನೂಂತ ಗೊತ್ತಾ ಆಂಟಿ ನಿಮ್ಗೆ?”

“ಗಂಡು ಗಂಡನ್ನ, ಹೆಣ್ಣು ಹೆಣ್ಣನ್ನ ಇಷ್ಟಪಡೋದು, ಎರಡೂ ಅಲ್ದೇ ಇರೋದು, ಇದನ್ನೆಲ್ಲ ಜಗತ್ತು ಯಾಕೆ ಸರಿಯಿಲ್ಲ ಅನ್ನುತ್ತೆ, ಸರಿ ಅಂದ್ರೇನು ಅಂತ ಯೋಚ್ನೆ ಮಾಡೋದು. ಕಾಗದದಲ್ಲಿ ಬರ್ದಿದಾರೆ. ನನ್ನ ಕೆಲಸಕ್ಕೆ ಬೇಕು. ನೀವೆಲ್ಲ ಆಫೀಸಲ್ಲಿ ಟ್ರೈನಿಂಗ್ ತಗೊಳಲ್ವಾ? ನೀನೂ ಸೇರ್ಕೋ, ನಂಗೆ ಲಾಗಿನ್ ಮಾಡಕ್ಕೆ ಬರಲ್ಲ.”

ಸೇರಿಕೊಂಡೆ. ಕ್ಯಾಮೆರಾ ಆಫ್ ಮಾಡಿಟ್ಟು, ಪರಿಚಯದ ಜಾಗದಲ್ಲಿ ‘ಒಬ್ಬ ಹಿರಿಯರಿಗೆ ಸಹಾಯ ಮಾಡಲು ಬಂದಿದ್ದೇನೆ’ ಎಂದು ಬರೆದೆ. ನನ್ನ ಬಗೆಗಿನ ಪಾಠಕ್ಕೆ ನಾನು ಹೋದದ್ದು ಬೇರೆಯವರ ಹೆಸರಿನಲ್ಲಿ. ಪಕ್ಕದ ಕೋಣೆಯಲ್ಲಿ ಮಾರ್ಕೊ ಬಟ್ಟೆ ಮಡಿಸುತ್ತಿದ್ದ.

ಆಂಟಿಗೆ ಸ್ವಂತ ಈಮೇಲ್ ಇರಲಿಲ್ಲ, ಅಂಕಲ್‌ದೇ ಇಬ್ಬರಿಗೂ. ಹೀಗಾಗಿ ತೆರೆಯ ಮೇಲೆ ಅವರ ಮುಖದ ಕೆಳಗೆ ಅಂಕಲ್ ಹೆಸರು ಬರುತ್ತಿತ್ತು. ಕುಂಕುಮ, ಮೂಗುಬೊಟ್ಟು, ಕೆಳಗೆ ಗಂಡಸಿನ ಹೆಸರು. ಬೇರೆ ಯಾವ ಕ್ಲಾಸಿನಲ್ಲಾದರೂ ಯಾರಾದರೂ ಕೇಳುತ್ತಿದ್ದರು. ಅಲ್ಲಿ ಯಾರೂ ಕೇಳಲಿಲ್ಲ. ಎಂಟು ವಾರವೂ ಅವರನ್ನು ತುಂಬು ಗೌರವದಿಂದ ಅಂಕಲ್ ಹೆಸರಿನಿಂದಲೇ ಕರೆದರು. ಆಂಟಿಗೂ ಅಭ್ಯಾಸವಾಯಿತು. “ಮೂವತ್ತೈದು ವರ್ಷ ಇವ್ರ ಹೆಸರೇ ಹೇಳಿರ್ಲಿಲ್ಲ ನಾನು, ಈಗ ನಾನೇ ಇವ್ರು” ಎಂದು ನಗುತ್ತಿದ್ದರು.

ಪಾಠ ಹೇಳುತ್ತಿದ್ದವರು ಪೊಮೊನಾದಲ್ಲಿ ಓದುತ್ತಿದ್ದ ಡಾನಾ ಎನ್ನುವವರು, ಚಿಕ್ಕ ವಯಸ್ಸು, ತಾಳ್ಮೆ ಬಹಳ. ಮೊದಲ ದಿನ ಎಲ್ಲರೂ ಯಾಕೆ ಬಂದಿರಿ ಹೇಳಿ ಎಂದರು. ಆಂಟಿಯ ಸರದಿ ಬಂದಾಗ ಅವರು ನಿಧಾನವಾಗಿ, ಒಂದೊಂದೇ ಇಂಗ್ಲಿಷ್ ಪದ ಜೋಡಿಸಿ, ‘ನಾನು ಮದುವೆ ಮಾಡಿಸುತ್ತೇನೆ. ಒಂದು ಮದುವೆ ತಪ್ಪು ಮಾಡಿಸಿದೆ. ಇಬ್ಬರಿಗೆ ನೋವಾಯಿತು. ಇನ್ನೊಂದು ಆಗಬಾರದು’ ಎಂದರು. ಡಾನಾ ಸ್ವಾಗತ ಎಂದರು.

ಅವರ ನೋಟ್ಸ್ ನಾನು ನೋಡಿದ್ದೇನೆ. ಪ್ರತಿ ಪುಟದ ಮೇಲೆ ‘ಶ್ರೀ’ ಬರೆದು, ಕೆಳಗೆ ಗೆರೆ ಎಳೆದು, ಆಮೇಲೆ ಕ್ವಿಯರ್ ಥಿಯರಿ. ಗಂಡುತನ ಹೆಣ್ಣುತನ ಹುಟ್ಟಿನಿಂದ ಬರುವುದಲ್ಲ, ದಿನಾ ಮಾಡಿ ಮಾಡಿ ಆಗುವುದು ಎಂದು ಡಾನಾ ಹೇಳಿದ ವಾರ, ಉಳಿದವರು ಒಪ್ಪಲು ಹೆಣಗುತ್ತಿದ್ದರೆ ಆಂಟಿ ತಕ್ಷಣ ಒಪ್ಪಿಬಿಟ್ಟರು. ಕ್ಲಾಸ್ ನಡೆಯುವಾಗ ನನ್ನ ಫೋನೂ ಅವರ ಫೋನೂ ಸ್ಪೀಕರಿನಲ್ಲಿ ಇರುತ್ತಿದ್ದವು. ಅದರಲ್ಲಿ ಕನ್ನಡದ ಟೀಕೆ ಬೇರೆ ಬರುತ್ತಿತ್ತು. “ಇದ್ರಲ್ಲಿ ಕಷ್ಟ ಏನಿದೆಯೋ? ನಾನೇನು ಹುಟ್ಟಾ ಸೊಸೆಯೇ? ನಮ್ಮತ್ತೆ ದಿನಾ ಮಾಡ್ಸಿ ಮಾಡ್ಸಿ ಸೊಸೆ ಮಾಡಿದ್ರು.”

ಓದಲು ಕೊಡುತ್ತಿದ್ದ ಪಾಠ ಮಾತ್ರ ಅವರಿಗೆ ಕಬ್ಬಿಣದ ಕಡಲೆ. ಶುಕ್ರವಾರ ಸಂಜೆ ಫೋನ್ ಮಾಡಿ, “ಈ ವಾಕ್ಯ ಎಲ್ಲಿ ಮುಗಿಯುತ್ತೆ ನೋಡಿ ಹೇಳಪ್ಪ” ಎನ್ನುವರು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಹೇಳುವಾಗ ‘ಇಂಥವರು’ ಎನ್ನುತ್ತಿದ್ದೆ. ಇಂಥವರು ಇಡೀ ದಿನ ಬೇರೆಯವರ ಪ್ರಕಾರ ನಡೆದುಕೊಳ್ಳುತ್ತಾರೆ, ಇಂಥವರು ಮಾತಾಡುವ ಮೊದಲು ಪ್ರತಿ ಮಾತನ್ನೂ ಒಮ್ಮೆ ಪರೀಕ್ಷಿಸುತ್ತಾರೆ. ಪುಸ್ತಕದಲ್ಲಿ ಅಷ್ಟೆಲ್ಲ ಇರಲಿಲ್ಲ.

“ಸುಸ್ತಾಗಲ್ವೇನೋ ಇಂಥವ್ರಿಗೆ?” ಎಂದು ಒಮ್ಮೆ ಕೇಳಿದರು.

“ಅಭ್ಯಾಸ ಆಗಿರುತ್ತೆ ಆಂಟಿ.”

“ಅಭ್ಯಾಸ ಆಗೋದೂ ಸುಸ್ತೇ ಕಣೋ” ಎಂದು ಹೇಳಿ, ಮುಂದಿನ ವಾಕ್ಯ ಓದಿದರು.

ಐದನೆಯ ವಾರವೋ ಆರನೆಯದೋ, ಅವರು ಕೈಯೆತ್ತಿ ಕೇಳಿದ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ. ಸಾಲಾವಳಿ ನೋಡುವುದು, ಅಂದರೆ ಎರಡು ಜಾತಕ ಕೂಡುತ್ತವೆಯೇ ಎಂದು ನೋಡುವುದು, ಹೇಗೆ ಎಂದು ಮೊದಲು ಎಲ್ಲರಿಗೂ ವಿವರಿಸಿದರು. ಹೆಣ್ಣಿನ ನಕ್ಷತ್ರದಿಂದ ಶುರುಮಾಡಿ ಗಂಡಿನ ನಕ್ಷತ್ರದವರೆಗೆ ಎಣಿಸಬೇಕು. ಮೂವತ್ತಾರಕ್ಕೆ ಹದಿನೆಂಟು ಬಂದರೆ ಪಾಸ್. ಆಮೇಲೆ ಕೇಳಿದರು: ಇಬ್ಬರೂ ಗಂಡಾದರೆ ಯಾರಿಂದ ಎಣಿಸುವುದು?

ಯಾರೋ ನಕ್ಕರು. ಡಾನಾ ನಗಲಿಲ್ಲ. ಒಬ್ಬರ ಕಡೆಯಿಂದಲೇ ಎಣಿಸಬೇಕು ಎಂದು ಹೇಳಿದವರು ಯಾರು ಎಂದು ಕೇಳಿದರು. ಪಂಚಾಂಗದಲ್ಲಿದೆ ಎಂದರು ಆಂಟಿ. ಪಂಚಾಂಗ ಬರೆದವರು ಯಾರು? ಆಂಟಿ ತುರುಬಿನಿಂದ ಪೆನ್ನು ತೆಗೆದು ಏನೋ ಬರೆದುಕೊಂಡರು. ನನ್ನ ಫೋನಿನಲ್ಲಿ ಅವರ ದನಿ ಬಂತು: “ಇವ್ರು ಕೇಳೋದೂ ಸರೀನೇ ಅಲ್ವೇನೋ?” ನಾನು ಮ್ಯೂಟ್‌ನಲ್ಲಿ ಇರುವವನಂತೆ ಸುಮ್ಮನಿದ್ದೆ.

ಮಾರನೆಯ ವರ್ಷ ಸ್ಯಾನ್ ಡಿಯಾಗೋದಲ್ಲಿ ಒಂದು ನಾಮಕರಣಕ್ಕೆ ಬಂದ ಆಂಟಿ ಅಂಕಲ್ ಇಬ್ಬರೂ ನಮ್ಮ ಮನೆಗೆ ಕಾಫಿಗೆ ಬಂದರು. ಕನ್ನಡದವರು ಬರುತ್ತಾರೆಂದರೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಎರಡನೆಯ ಬೆಡ್‌ರೂಮು ಬರೀ ತೋರಿಕೆಗೆ ಇದ್ದದ್ದು. ಅರ್ಧ ಗಂಟೆ ಮೊದಲು ನಾನು ಆ ಹಾಸಿಗೆಯ ಮೇಲೆ ಹೊರಳಿ ಹೊದಿಕೆ ಕೆಡಿಸುವುದು, ಮಾರ್ಕೊ ತನ್ನ ಒಂದು ಜೊತೆ ಶೂ ತಂದು ಅದರ ಕೆಳಗೆ ಇಡುವುದು. ಅವನಿಗೆ ಇದು ಸರಿಬರುತ್ತಿರಲಿಲ್ಲ. ಆದರೂ ಶೂ ತಂದಿಡುತ್ತಿದ್ದ. ಆ ದಿನ ಗಡಿಬಿಡಿಯಲ್ಲಿ ಹೊದಿಕೆ ಕೆಡಿಸಿದೆವು, ಹೊಸ ದಿಂಬಿನ ಪ್ಲಾಸ್ಟಿಕ್ ಕವರ್ ತೆಗೆಯಲು ಮರೆತೆವು.

ಆಂಟಿ ಬ್ಯಾಗ್ ಇಡಲು ಆ ಕೋಣೆಗೇ ಹೋದರು. ಹೊರಗೆ ಬರಲು ಸ್ವಲ್ಪ ಹೊತ್ತಾಯಿತು. ಬಂದವರು ಸೋಫಾದ ಮೇಲೆ ಕೂತು, ಕಾಫಿ ಕುಡಿದು, ಮಾರ್ಕೊನ ಕಡೆ ತಿರುಗಿ, ನೀನು ಹುಟ್ಟಿದ್ದು ಯಾವ ದಿನ, ಎಷ್ಟು ಗಂಟೆಗೆ, ಯಾವ ಊರಿನಲ್ಲಿ ಎಂದು ಕೇಳಿದರು. ಅವನಿಗೆ ಗಂಟೆ ಗೊತ್ತಿರಲಿಲ್ಲ. ಫ್ರೆಸ್ನೊದಲ್ಲಿದ್ದ ತನ್ನ ತಾಯಿಗೆ ಅಲ್ಲೇ ಫೋನ್ ಮಾಡಿದ. ಬೆಳಗಿನ ಜಾವ, ಐದಕ್ಕೆ ಹತ್ತು ನಿಮಿಷ. ಆಂಟಿ ಪೆನ್ನು ತೆಗೆದು ಪೇಪರ್ ನ್ಯಾಪ್‌ಕಿನ್ ಮೇಲೆ ಬರೆದುಕೊಂಡರು. “ಸುಮ್ನೆ, ನಂಗೊಂದು ಅಭ್ಯಾಸ” ಎಂದರು ನನ್ನ ಕಡೆ ನೋಡದೆ. ಆಂಟಿ ಎಲ್ಲರ ನಕ್ಷತ್ರ ಕೇಳುವವರೇ ಅಲ್ಲವೇ ಎಂದು ನಾನು ನನಗೆ ನಾನೇ ಹೇಳಿಕೊಂಡೆ. ಹೋಗುವಾಗ ಮಾರ್ಕೊಗೂ ನನಗೂ ಸೇರಿಸಿ ಒಂದೇ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಕೊಟ್ಟರು.

ಅದಾದ ಮೇಲೆ ಅವರು ನನಗೆ ಒಂದು ಹುಡುಗಿಯ ಫೋಟೋವನ್ನೂ ತೋರಿಸಲಿಲ್ಲ.

ಅಮ್ಮನಿಗೆ ಸಿಟ್ಟು ಬರತೊಡಗಿತು. ಅವಳು ಆಂಟಿಗೆ ಫೋನ್ ಮಾಡಿದಾಗಲೆಲ್ಲ ಒಂದು ಉತ್ತರ: ಈ ವರ್ಷ ಗುರುಬಲ ಇಲ್ಲ. ಇನ್ನೊಂದು ವರ್ಷ: ಸಾಲಾವಳಿ ಬರ್ತಾ ಇಲ್ಲ. ಮತ್ತೊಂದು ವರ್ಷ: ಈಗಿನ ಹುಡುಗೀರಿಗೆ ಸ್ಯಾನ್ ಡಿಯಾಗೋ ಬೇಡವಂತೆ. ಅಮ್ಮ ಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ಪಂಚಾಂಗವನ್ನೂ ಬಲ್ಲಳು. “ಗುರು ಏನು ಒಂದೇ ಮನೇಲಿ ಮಲಗಿಬಿಟ್ಟಿದಾನಾ? ಅಷ್ಟೊಂದು ಮದುವೆ ಮಾಡ್ಸಿದೋರಿಗೆ ನಿಂಗೊಂದು ಹೆಣ್ಣು ಸಿಗಲ್ವಾ?” ಎಂದು ನನ್ನನ್ನು ಹಿಡಿದುಕೊಂಡಳು.

ಆಗ ನಾನು ಹೇಳಿದ ಸುಳ್ಳು ಇದು: “ಆಂಟಿಗೆ ಈಗ ಮೊದಲಿನ ಹಾಗೆ ಆಗಲ್ಲಮ್ಮ. ವಯಸ್ಸಾಯ್ತು, ಮರೆವು ಜಾಸ್ತಿ. ಫೈಲೆಲ್ಲ ಕಲಸಿಹಾಕಿದಾರೆ.”

ಎಷ್ಟು ಸಲೀಸಾಗಿ ಬಂತು ಆ ಮಾತು. ಅಮ್ಮ ಅದನ್ನು ದೊಡ್ಡಮ್ಮನಿಗೆ ಹೇಳಿದಳು. ದೊಡ್ಡಮ್ಮ ಸುಮ್ಮನಿರುವ ಪೈಕಿ ಅಲ್ಲ. ಅವಳ ಬಾಯಿಗೆ ಬಿದ್ದದ್ದು ಬೆಂಗಳೂರು ಮೈಸೂರು ಸುತ್ತಿ ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಬಂತು. ಯಾರೋ ಯುಗಾದಿ ಊಟದಲ್ಲಿ ನನಗೇ ಹೇಳಿದರು, ರೆಡೊಂಡೊ ಬೀಚ್ ಆಂಟಿಗೆ ಜಾತಕ ಕೊಡಬೇಡಿ, ಪಾಪ ಅವರಿಗೆ ಅರಳುಮರಳು ಅಂತೆ. ನಾನು ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡೆ.

ಆಂಟಿಯ ಮನೆಯ ಫೋನ್ ಬರಬರುತ್ತಾ ಸುಮ್ಮನಾಯಿತು. “ಯಾರೂ ಕೇಳಲ್ಲ ಕಣೋ ಈಗ. ಎಲ್ಲಾ ವೆಬ್‌ಸೈಟಲ್ಲೇ ನೋಡ್ಕೋತಾರೆ” ಎನ್ನುತ್ತಿದ್ದರು. ಅರ್ಧ ನಿಜ. ಇನ್ನರ್ಧ ಅವರಿಗೂ ಗೊತ್ತಿತ್ತೇ ಎಂದು ನಾನು ಕೇಳಲಿಲ್ಲ. ಆದರೂ ಶನಿವಾರ ಹೋದರೆ ಆ ನೀಲಿ ಫೈಲು ಊಟದ ಮೇಜಿನ ಮೇಲೆಯೇ ಇರುತ್ತಿತ್ತು, ಧೂಳು ಒರೆಸಿ.

ಕೊನೆಯ ಸಲ ಹೋದಾಗ ಅವರು ಕರಿಬೇವು ಬಿಡಿಸುತ್ತಿದ್ದರು, ನಾನು ಕಂಪ್ಯೂಟರಿನ ಮುಂದೆ ಕೂತಿದ್ದೆ. ಅಂಕಲ್ ಹಿತ್ತಲಲ್ಲಿ ನಿಂಬೆ ಗಿಡಕ್ಕೆ ನೀರು ಬಿಡುತ್ತಿದ್ದರು.

“ನಂಗೆ ಏನಾದ್ರೂ ಹೇಳೋದಿದ್ಯೇನೋ?” ಎಂದು ಕೇಳಿದರು. ತಲೆ ಎತ್ತಿರಲಿಲ್ಲ.

“ಆಂಟಿವೈರಸ್ ರಿನ್ಯೂ ಮಾಡ್ಬೇಕು ಆಂಟಿ.”

“ಮಾಡು ಹಂಗಾದ್ರೆ” ಎಂದರು. ಇನ್ನೊಂದು ಎಸಳು ತೆಗೆದುಕೊಂಡರು. “ಅವಸರ ಇಲ್ಲ.”

ಐದು ತಿಂಗಳಿಗೆ ಹೋದರು.

ವೈಕುಂಠ ಸಮಾರಾಧನೆಗೆ ನಾನೊಬ್ಬನೇ ಹೋದೆ. ಮಾರ್ಕೊ ಬರುತ್ತೇನೆಂದ, ಬೇಡ ಎಂದೆ. ಊಟವಾದ ಮೇಲೆ ಅಂಕಲ್ ನೀಲಿ ಫೈಲನ್ನು ಮೇಜಿನ ಮೇಲಿಟ್ಟುಕೊಂಡು ಕೂತರು. ಬಂದವರಲ್ಲಿ ಯಾರ ಯಾರ ಜಾತಕ ಅದರಲ್ಲಿತ್ತೋ ಅವರನ್ನು ಕರೆದು ಕರೆದು ಕೊಡುತ್ತಿದ್ದರು. “ಜಾತಕ ಕಸಕ್ಕೆ ಹಾಕ್ಬಾರ್ದಂತೆ. ಎಲ್ಲಾ ಅವರವರಿಗೇ ವಾಪಸ್ ಕೊಡ್ಬೇಕು ಅಂತ ಹೇಳಿಟ್ಟಿದ್ಳು.” ಅಂಕಲ್ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನನ್ನದನ್ನು ‘ಗಂಡು’ ವಿಭಾಗದಲ್ಲಿ ಹುಡುಕಿದರು. ಸಿಗಲಿಲ್ಲ. ಕಲಸಿಹಾಕಿದ್ದಾರೆ ಎಂದು ಹೇಳಿದ್ದು ನಿಜವೇ ಆಯಿತೇನೋ ಎಂದು ಒಂದು ಕ್ಷಣ ಅನಿಸಿತು. ಹಾಗಾಗಿದ್ದರೆ ನನಗೆ ಸಮಾಧಾನವೇ ಆಗುತ್ತಿತ್ತು. ಅಂಕಲ್ ಹಾಳೆ ಮಗುಚುತ್ತಾ ಹೋಗಿ ಮೂರನೆಯ ವಿಭಾಗದಲ್ಲಿ ನಿಂತರು. ನನ್ನ ಬಯೋಡೇಟಾ ಅಲ್ಲಿತ್ತು, ‘ಆಗಿದೆ’ಯಲ್ಲಿ. ನಾಲ್ಕು ಮೂಲೆಗೂ ಅರಿಸಿನ.

“ನಿಂಗೆ ಆಗಿದ್ಯೇನಯ್ಯ?” ಎಂದರು ಅಂಕಲ್, ಕನ್ನಡಕ ಏರಿಸಿ. “ಹೇಳ್ಲೇ ಇಲ್ವಲ್ಲ ಇವ್ಳು ನಂಗೆ.”

“ಹೂಂ ಅಂಕಲ್” ಎಂದೆ. ಅಷ್ಟು ಬಾಯಿಂದ ಬಂತು.

ಕಾರಿನಲ್ಲಿ ಕೂತು ಹಾಳೆ ತಿರುಗಿಸಿದೆ. ಹಿಂಬದಿಗೆ ಆ ಪೇಪರ್ ನ್ಯಾಪ್‌ಕಿನ್ ಅಂಟಿಸಿತ್ತು. ಅದರ ಕೆಳಗೆ ‘ಶ್ರೀ’, ಒಂದು ಗೆರೆ, ನಡುವೆ ಇನ್ನೊಂದು ಗೆರೆ ಎಳೆದು ಎರಡು ಭಾಗ. ಎಡಗಡೆ: ಹಸ್ತದಿಂದ ರೋಹಿಣಿಗೆ. ಬಲಗಡೆ: ರೋಹಿಣಿಯಿಂದ ಹಸ್ತಕ್ಕೆ. ವರ್ಣ, ಗಣ, ನಾಡಿ ಎಂದು ಒಂದೊಂದು ಕೂಟವನ್ನೂ ಬರೆದು, ಕೂಡಿಸಿ, ತಾಳೆ ನೋಡಿದ್ದರು. ಒಂದು ಕಡೆಯಿಂದ ಹತ್ತೊಂಬತ್ತು ಬಂದಿತ್ತು. ಇನ್ನೊಂದು ಕಡೆಯಿಂದ ಹದಿನೈದೂವರೆ, ಫೇಲು. ಕೆಳಗೆ ಅವರ ದುಂಡು ಅಕ್ಷರದಲ್ಲಿ ಒಂದೇ ಸಾಲು: ಹತ್ತೊಂಬತ್ತೇ ಇರಲಿ.

ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ನಾಚಿಕೆಯಾಯಿತು. ನಾಲ್ಕು ವರ್ಷ ಅವರು ನನ್ನ ಅಮ್ಮನ ಹತ್ತಿರ ಬೈಸಿಕೊಂಡಿದ್ದರು, ಗುರುವಿನ ಮೇಲೆ ಹಾಕಿ, ಸ್ಯಾನ್ ಡಿಯಾಗೋದ ಮೇಲೆ ಹಾಕಿ. ಕೆಲಸ ಬಾರದವರು ಅನ್ನಿಸಿಕೊಂಡಿದ್ದರು. ಅರಳುಮರಳು ಅನ್ನಿಸಿಕೊಂಡಿದ್ದರು, ಅದು ನನ್ನಿಂದ. ಇಷ್ಟಾಗಿ ಅವರು ಮಾಡಿದ್ದ ಕೆಲಸ ಚೊಕ್ಕವಾಗಿ, ಎರಡು ಕಡೆಯಿಂದ ಎಣಿಸಿ, ಸರಿಯಾದ ವಿಭಾಗದಲ್ಲಿತ್ತು. ಅವರ ಮೇಲಿನ ಆ ಮಾತನ್ನು ತೆಗೆಯಬೇಕಾದರೆ ನಾನು ಬಾಯಿ ಬಿಡಬೇಕು. ಬೇರೆ ದಾರಿ ಇದೆಯೇ ಎಂದು ರೆಡೊಂಡೊ ಬೀಚಿನಿಂದ ಯೂನಿವರ್ಸಿಟಿ ಸಿಟಿಯವರೆಗೆ ಯೋಚಿಸಿದೆ. ಇರಲಿಲ್ಲ.

ಮಾರ್ಕೊ ಹಾಳೆಯನ್ನು ಹಿಂದೆ ಮುಂದೆ ನೋಡಿ, ಹತ್ತೊಂಬತ್ತು ಯಾರಿಂದ ಎಣಿಸಿದರೆ ಬಂದದ್ದು ಎಂದು ಕೇಳಿದ. ನನ್ನಿಂದ ಎಂದೆ. ಪದ್ಧತಿಯ ಪ್ರಕಾರ ಹೆಣ್ಣಿನ ಜಾಗ ಅದು ಎಂದೂ ಹೇಳಿದೆ. ಅವನು ನಕ್ಕು, ಹಾಳೆಯನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಫೋನ್ ನನ್ನ ಕೈಗೆ ಕೊಟ್ಟ. ತುಮಕೂರಿನಲ್ಲಿ ಆಗ ಬೆಳಗಾಗಿತ್ತು.

“ಹೋದೋರ ಬಗ್ಗೆ ಆಡ್ಬಾರ್ದು” ಎಂದಳು ಅಮ್ಮ. “ಆದ್ರೂ ಒಂಬತ್ತು ವರ್ಷ ಜಾತಕ ಇಟ್ಕೊಂಡು ಏನೂ ಮಾಡ್ಲಿಲ್ವಲ್ಲ ಆಕೆ ನಿಂಗೆ.”

“ಮಾಡಿದಾರಮ್ಮ. ಸಾಲಾವಳಿ ನೋಡಿದಾರೆ. ಹತ್ತೊಂಬತ್ತು ಬಂದಿದೆ. ರೋಹಿಣಿ ನಕ್ಷತ್ರ.”

“ರೋಹಿಣಿನಾ? ಒಳ್ಳೇದೇ ಅಲ್ವೇನೋ. ಹುಡುಗಿ ಯಾವ ಊರು?”

“ಫ್ರೆಸ್ನೊ. ಹುಡುಗಿ ಅಲ್ಲಮ್ಮ. ಮಾರ್ಕೊ. ರೂಮ್‌ಮೇಟ್ ಅಂತ ಹೇಳ್ತಿದ್ನಲ್ಲ, ರೂಮ್‌ಮೇಟ್ ಅಲ್ಲ. ಏಳು ವರ್ಷದಿಂದ ನಾವು ಜೊತೇಲಿದೀವಿ. ಆಂಟಿಗೆ ಗೊತ್ತಿತ್ತು, ಅದಕ್ಕೇ ನಿಂಗೆ ಹುಡುಗಿ ತೋರಿಸ್ಲಿಲ್ಲ.” ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗುವುದಿಲ್ಲ ಎಂದು ಮುಂದುವರಿಸಿದೆ. “ಅವ್ರು ಫೈಲ್ ಕಲಸಿಹಾಕಿದಾರೆ ಅಂದಿದ್ದು ನಾನು ಹೇಳಿದ ಸುಳ್ಳು. ಅವ್ರ ತಲೆ ಸರಿಯಾಗೇ ಇತ್ತು. ಅದನ್ನ ದೊಡ್ಡಮ್ಮಂಗೂ ಹೇಳು.”

ಫೋನ್ ಕಟ್ಟಾಯಿತು.

ಹನ್ನೆರಡು ದಿನ ಅಮ್ಮ ಮಾತಾಡಲಿಲ್ಲ. ಹದಿಮೂರನೆಯ ದಿನ ಅವಳೇ ಫೋನ್ ಮಾಡಿದಳು. ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ಮಾರ್ಕೊನ ಹೆಸರನ್ನು ಬಾಯಲ್ಲಿ ಆಡದೆಯೇ ಅವನನ್ನೂ ಬೈದಳು. ಒಪ್ಪಿದೆ ಎನ್ನಲಿಲ್ಲ, ಇವತ್ತಿಗೂ ಅಂದಿಲ್ಲ. ಫೋನ್ ಇಡುವ ಮೊದಲು ಮಾತ್ರ ದನಿ ಇಳಿಸಿ ಹೇಳಿದಳು: “ಪಾಪ, ಆಕೇನ ಸುಮ್ಸುಮ್ನೆ ಅಂದುಬಿಟ್ಟೆ. ಅಕ್ಕಂಗೆ ಹೇಳಿದೀನಿ, ತಪ್ಪು ಆಕೇದಲ್ಲ, ನಮ್ಮ ಹುಡುಗಂದು ಅಂತ.”

ಈಗ ಪ್ರತಿ ಭಾನುವಾರ ಅಮ್ಮ ಫೋನ್ ಮಾಡಿ ನನ್ನನ್ನೇ ಬೈಯುತ್ತಾಳೆ. ನಾನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳುತ್ತೇನೆ.